ಶೇಂಗಾ ಬೇಸಾಯದಲ್ಲಿ ಯಂತ್ರವು ಎಲ್ಲಿಂದ ಪ್ರಾರಂಭವಾಗಬೇಕು?

ಬಳ್ಳಾರಿ ಸೀಮೆಯ ಖುಷ್ಕಿ ಬೇಸಾಯದಲ್ಲಿ ಜೋಳ, ಹತ್ತಿ, ಶೇಂಗಾ ಈ ಮೂರು ಬೆಳೆಗಳು ಬಹುಕಾಲದಿಂದ ಮುಖ್ಯವಾಗಿ ನಡೆದುಬಂದಿರುತ್ತವೆ. ಜೋಳವು ಮನೆಯ ಊಟಕ್ಕೂ ದನದ ಮೇವಿಗೂ ಆಧಾರವಾದರೆ, ಹತ್ತಿಯೂ ಶೇಂಗಾವೂ ರೈತನ ಕೈಗೆ ರೊಕ್ಕ ತರತಕ್ಕವುಗಳಾಗಿದ್ದವು. ಶೇಂಗಾದಲ್ಲಿ ವ್ಯರ್ಥವಾಗುವ ಭಾಗವೆಂಬುದೇ ಇಲ್ಲ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಸೇರಿಸುವುವು, ಬಳ್ಳಿಯು ದನಗಳಿಗೆ ಒಳ್ಳೆಯ ಮೇವು, ಬೀಜದಿಂದ ಎಣ್ಣೆಯೂ, ಎಣ್ಣೆ ತೆಗೆದ ಮೇಲೆ ಹಿಂಡಿಯೂ ದೊರೆಯುವುವು, ಸಿಪ್ಪೆಯು ಉರುವಲಾಗುವುದು. ಇಂತಹ ಬೆಳೆಯು ಹಿಂದೆ ಸರಿಯುತ್ತಲಿರುವುದು ಯೋಚಿಸತಕ್ಕ ವಿಷಯವಾಗಿದೆ. ಕರ್ನಾಟಕದಲ್ಲಿ ೧೯೯೦ರ ದಶಕದ ಮೊದಲಲ್ಲಿ ಹತ್ತು ಲಕ್ಷ ಹೆಕ್ಟೇರುಗಳಿಗೆ ಮೀರಿದ್ದ ಶೇಂಗಾ ವಿಸ್ತೀರ್ಣವು ಈಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ತಾಲ್ಲೂಕುಗಳಲ್ಲಿ ಭತ್ತ, ಮೆಣಸಿನಕಾಯಿ, ಹತ್ತಿ, ಮೆಕ್ಕೆಜೋಳಗಳು ಅದರ ಸ್ಥಳವನ್ನು ಬಹುಮಟ್ಟಿಗೆ ಆಕ್ರಮಿಸಿವೆ.

ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣಗಳು ಎರಡು. ಮಳೆಯು ಕಾಲಕ್ಕೆ ಸರಿಯಾಗಿ ಬಾರದೆಂಬುದು ಒಂದು. ೧೯೯೪ರಿಂದ ಹೊರದೇಶದ ತಾಳೆ ಎಣ್ಣೆಯ ಆಮದು ಸಡಿಲವಾದ ಮೇಲೆ ಶೇಂಗಾ ಎಣ್ಣೆಗೆ ಹಿಂದಿನ ಗಿರಾಕಿ ಉಳಿಯಲಿಲ್ಲವೆಂಬುದು ಇನ್ನೊಂದು. ಇವೆರಡೂ ನಿಜವೇ. ಆದರೆ ಹೊಲದಲ್ಲಿ ನಿಂತು ನೋಡಿದವರಿಗೆ ಮೂರನೆಯ ಕಾರಣವೊಂದು ಎದ್ದು ಕಾಣುವುದು. ಸಿರುಗುಪ್ಪದ ಗದ್ದೆಗಳಲ್ಲಿ ಒಂದು ಎಕರೆಯ ಭತ್ತವನ್ನು ಯಂತ್ರವು ಒಂದೆರಡು ಗಂಟೆಗಳೊಳಗಾಗಿ ಕೊಯ್ದು, ಒಕ್ಕಿ, ಕಾಳನ್ನು ಟ್ರ್ಯಾಕ್ಟರಿಗೆ ಸುರಿಯುವುದು. ಅದೇ ರೈತನು ಪಕ್ಕದ ಹೊಲದಲ್ಲಿ ಶೇಂಗಾ ಇಟ್ಟಿದ್ದರೆ, ಗಿಡ ಕೀಳುವುದಕ್ಕೆ ಆಳು, ಕಾಯಿ ಬಿಡಿಸುವುದಕ್ಕೆ ಆಳು, ಒಣಗಿಸಿ ತೂರುವುದಕ್ಕೆ ಆಳು ಎಂದು ದಿನಗಟ್ಟಲೆ ಊರೂರು ತಿರುಗಬೇಕಾಗುವುದು. ಭತ್ತಕ್ಕೆ ಯಂತ್ರವು ಬಂದು ಶೇಂಗಾಕ್ಕೆ ಬಾರದಿರುವುದೇ, ನೀರು ನಿಶ್ಚಿತವಿಲ್ಲದ ಕಾಲುವೆಯ ಕೊನೆಯಲ್ಲಿಯೂ ರೈತನು ಭತ್ತವನ್ನೇ ನೆಚ್ಚುವುದಕ್ಕೆ ಒಂದು ಮುಖ್ಯ ಕಾರಣವೆಂದು ಹೇಳಬೇಕಾಗಿದೆ. ಆದುದರಿಂದ ಶೇಂಗಾ ಬೇಸಾಯಕ್ಕೆ ಯಂತ್ರ ಬೇಕೆ ಬೇಡವೆ ಎಂಬುದು ಈಗಿನ ಪ್ರಶ್ನೆಯಲ್ಲ. ಯಾವ ಕೆಲಸಕ್ಕೆ ಮೊದಲು ಬೇಕು, ಯಾವುದಕ್ಕೆ ಬೇಡ, ಯಾರ ಸ್ವಾಧೀನದಲ್ಲಿರಬೇಕು ಎಂಬುದೇ ವಿಚಾರಾರ್ಹವಾದುದು.

ನೆಲದ ಗುಣ

ಈ ಮೂರು ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ನೆಲವೂ ನೀರೂ ಒಂದೇ ಬಗೆಯವಲ್ಲ. ಬಳ್ಳಾರಿಯ ಸುತ್ತಿನಲ್ಲಿಯೂ ಕುರುಗೋಡಿನ ಕಲ್ಲುಗುಡ್ಡಗಳ ತಪ್ಪಲಿನಲ್ಲಿಯೂ ಮಸಾರಿ ನೆಲವು ಅಲ್ಲಲ್ಲಿ ಉಂಟು. ಇದು ಸಡಿಲವಾಗಿರುವುದರಿಂದ ಶೇಂಗಾದ ಹೂವಿನ ಊಡು ಸುಲಭವಾಗಿ ನೆಲಕ್ಕಿಳಿದು ಕಾಯಿ ಕಟ್ಟುವುದು, ಗಿಡವೂ ಕಾಯಿ ಸಮೇತ ಸುಲಭವಾಗಿ ಕಿತ್ತುಬರುವುದು. ಸಿರುಗುಪ್ಪದ ಕಡೆಗೆ ಹೋದಂತೆ ಎರೆ ಭೂಮಿಯು ಹೆಚ್ಚು. ಎರೆಯು ಹಸಿಯಾಗಿದ್ದಾಗ ಕಾಲಿಗೆ ಮೆತ್ತಿಕೊಳ್ಳುವುದು, ಒಣಗಿದಾಗ ಕಲ್ಲಿನಂತಾಗಿ ಬಿರಿಯುವುದು. ವರ್ಷದ ಮಳೆಯು ಸರಾಸರಿ ೫೦೦ ಮಿಲಿಮೀಟರುಗಳ ಆಸುಪಾಸಿನಲ್ಲಿರುವ ಈ ಸೀಮೆಯಲ್ಲಿ ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಕಾಲುವೆಯ ನೀರು ಬಂದು, ಎರೆಯ ಬಹುಭಾಗವು ಗದ್ದೆಯಾಯಿತು. ನೀರು ಹೆಚ್ಚಾದ ಕಡೆಗಳಲ್ಲಿ ಜೌಗು ಸವಳುಗಳೂ ಹುಟ್ಟಿದವು; ಹೂಳು ತುಂಬಿ ಜಲಾಶಯದ ಹಿಡಿಪು ಕಡಮೆಯಾದುದರಿಂದ ಎರಡನೆಯ ಬೆಳೆಗೆ ನೀರು ಪ್ರತಿವರ್ಷವೂ ಸಿಕ್ಕುವ ಭರವಸೆಯಿಲ್ಲ. ಬೇಸಗೆಯ ಶೇಂಗಾಕ್ಕೆ ಭತ್ತಕ್ಕೆ ಬೇಕಾಗುವ ನೀರಿನ ಅರ್ಧದಷ್ಟು ಸಾಕಾಗುವುದರಿಂದ, ಹಗುರವಾದ ನೆಲವಿರುವ ಕಾಲುವೆಯ ಕೊನೆಯ ಗ್ರಾಮಗಳಿಗೆ ಅದು ತಕ್ಕ ಬೆಳೆಯೆಂಬುದರಲ್ಲಿ ಸಂದೇಹವಿಲ್ಲ.

ಈ ಸೀಮೆಗೆ ಕೃಷಿ ಸಂಶೋಧನೆಯೂ ಹೊಸದಲ್ಲ. ಬಳ್ಳಾರಿಯು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, ೧೯೦೬ರಷ್ಟು ಹಿಂದೆಯೇ, ಹಗರಿಯಲ್ಲಿ ಪ್ರಯೋಗ ಕ್ಷೇತ್ರವು ಸ್ಥಾಪಿತವಾಯಿತು. ಹಗರಿ ಮತ್ತು ಸಿರುಗುಪ್ಪದ ಕೇಂದ್ರಗಳು ಈಗ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿವೆ. ಆ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೂ ಇರುವುದರಿಂದ, ಹೊರಗಿನಿಂದ ಬಂದ ಯಂತ್ರವನ್ನು ಇಲ್ಲಿಯ ಮಣ್ಣಿನಲ್ಲಿ ಪರೀಕ್ಷಿಸಿ ಹೇಳುವ ಅನುಕೂಲವು ಹತ್ತಿರದಲ್ಲಿಯೇ ಉಂಟು.

ಕೀಳುವ ಕೆಲಸ

ಉಳುವುದು, ಹರಗುವುದು, ಬಿತ್ತುವುದು ಈ ಕೆಲಸಗಳಲ್ಲಿ ಟ್ರ್ಯಾಕ್ಟರು ಆಗಲೇ ನೆಲೆಯೂರಿದೆ. ಕೂರಿಗೆಯಿಂದಾಗಲಿ ಟ್ರ್ಯಾಕ್ಟರಿನ ಬಿತ್ತನೆ ಯಂತ್ರದಿಂದಾಗಲಿ, ಸಾಲಿನಿಂದ ಸಾಲಿಗೆ ೩೦, ಗಿಡದಿಂದ ಗಿಡಕ್ಕೆ ೧೦ ಸೆಂಟಿಮೀಟರು ಅಂತರವಿಟ್ಟು, ಬೀಜವನ್ನು ಜಜ್ಜದೆ ಸುಮಾರು ೫ ಸೆಂಟಿಮೀಟರು ಆಳದಲ್ಲಿ ಬೀಳಿಸಿದರೆ ಸಾಕು. ಇದರಲ್ಲಿ ಹೆಚ್ಚಿಗೆ ಹೇಳತಕ್ಕದ್ದಿಲ್ಲ. ತೊಡಕೆಲ್ಲವೂ ಕೊಯ್ಲಿನಲ್ಲಿದೆ.

ಈ ಸೀಮೆಯಲ್ಲಿ ಬೆಳೆಯುವ ಗೊಂಚಲು ಜಾತಿಗಳಿಗೆ, ೧೯೪೦ರಲ್ಲಿ ತಿಂಡಿವನದಿಂದ ಹೊರಬಂದ ಟಿ.ಎಂ.ವಿ. ೨ ಮೊದಲಾದವುಗಳಿಗೆ, ಬೀಜದ ನಿದ್ರೆಯೆಂಬುದು ಇಲ್ಲ. ಕಾಯಿ ಬಲಿತು ನೆಲದಲ್ಲಿರುವಾಗ ಚಿತ್ತೆ ಸ್ವಾತಿಯ ಮಳೆ ಹಿಡಿದರೆ ಬೀಜವು ಅಲ್ಲಿಯೇ ಮೊಳೆಯುವುದು. ಮಳೆ ಬಾರದೆ ನೆಲ ಬಿಗಿದರೆ, ಬಲಿತ ಕಾಯಿಯ ತೊಟ್ಟು ಕಳಚಿ, ಕಿತ್ತ ಗಿಡದಲ್ಲಿ ಅರೆಕಾಯಿ ಮಾತ್ರ ಕೈಗೆ ಬಂದು ಉಳಿದುದು ಮಣ್ಣಿನಲ್ಲಿ ನಿಲ್ಲುವುದು. ಹೀಗೆ ಕೀಳಲು ಸರಿಯಾದ ಹದವು ಕೆಲವೇ ದಿನಗಳದು. ಆ ಕೆಲವೇ ದಿನಗಳಲ್ಲಿ ಊರಿನ ಎಲ್ಲ ರೈತರಿಗೂ ಆಳು ಬೇಕಾಗುವುದು. ಆಳುಗಳಾದರೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೂ, ಬಳ್ಳಾರಿಯ ಜೀನ್ಸ್ ಹೊಲಿಗೆಯ ಶೆಡ್ಡುಗಳಿಗೂ, ಮೆಣಸಿನಕಾಯಿಯ ಹೊಲಗಳಿಗೂ ಹಂಚಿಹೋಗಿರುತ್ತಾರೆ. ಮಳೆಗೂ ಬಿಸಿಲಿಗೂ ತಾಳಿಕೊಂಡು ಬಂದ ಬೆಳೆಯು ಕೊನೆಯ ವಾರದಲ್ಲಿ ಆಳಿಲ್ಲದೆ ಕೆಡುವುದು ಇಲ್ಲಿಯ ರೈತನಿಗೆ ಅಪರಿಚಿತವಾದ ಸಂಗತಿಯಲ್ಲ. ಆದುದರಿಂದ ಯಂತ್ರಕ್ಕಾಗಿ ಖರ್ಚುಮಾಡತಕ್ಕ ಮೊದಲ ರೂಪಾಯಿಯು ಕೀಳುವ ಯಂತ್ರಕ್ಕೂ, ಕಾಯಿ ಬಿಡಿಸುವ ಯಂತ್ರಕ್ಕೂ ಸಲ್ಲತಕ್ಕದ್ದು.

ಕೀಳುವ ಯಂತ್ರದ ಕೆಲಸವು ಸರಳವಾದುದು. ಟ್ರ್ಯಾಕ್ಟರಿನ ಹಿಂದಿನ ಅಗಲವಾದ ಕತ್ತಿಯು ಕಾಯಿಯ ಕೆಳಗೆ ಮಣ್ಣನ್ನು ಕತ್ತರಿಸುತ್ತ ಹೋಗುವುದು. ಗಿಡವು ಸರಪಣಿಯ ಜಾಲಿಯ ಮೇಲೆ ಹತ್ತಿ, ಅಲುಗಾಡಿ, ಮಣ್ಣು ಉದುರಿಸಿಕೊಂಡು ಹಿಂದೆ ಸಾಲಾಗಿ ಬೀಳುವುದು. ಆದರೆ ಇದೆಲ್ಲವೂ ಮಣ್ಣಿನ ಹದವನ್ನು ಅವಲಂಬಿಸಿದೆ. ನೀರಿನ ಅನುಕೂಲವಿರುವಲ್ಲಿ ಕೀಳುವುದಕ್ಕೆ ಮೂರು ನಾಲ್ಕು ದಿನ ಮೊದಲು ತೆಳುವಾಗಿ ನೀರು ಹಾಯಿಸಿ, ಕಾಲು ಹುಗಿಯದಷ್ಟು ಆರಿದ ಮೇಲೆ ಯಂತ್ರವನ್ನು ಇಳಿಸಬೇಕು. ಮಳೆ ಬೆಳೆಯಲ್ಲಿ ಮಸಾರಿ ನೆಲವಾದರೆ ಒಂದು ಹದಮಳೆಯ ಮಾರನೆಯ ದಿನಗಳು ಒಳ್ಳೆಯವು. ಒಣಗಿದ ಎರೆಯಲ್ಲಿ ಯಂತ್ರವು ಹೆಂಟೆಗಳನ್ನೂ ಕಾಯಿಗಳನ್ನೂ ಒಟ್ಟಿಗೆ ಮೇಲೆತ್ತಿ ಎರಡನ್ನೂ ಬೇರ್ಪಡಿಸಲಾರದೆ ಹೋಗುವುದು.

ಮಣ್ಣನ್ನು ಅರಿಯದೆ ಯಂತ್ರವನ್ನು ನಂಬಿದುದರ ಫಲವನ್ನು ಶೇಂಗಾ ಬೆಳೆಯ ಚರಿತ್ರೆಯಲ್ಲಿಯೇ ಕಾಣಬಹುದು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಎಣ್ಣೆ ಕೊಬ್ಬುಗಳ ಅಭಾವವನ್ನು ನೀಗಿಕೊಳ್ಳಲು ಬ್ರಿಟಿಷ್ ಸರ್ಕಾರದವರು ೧೯೪೭ರಲ್ಲಿ ಪೂರ್ವ ಆಫ್ರಿಕದ ಟಾಂಗನ್ಯೀಕ ಸೀಮೆಯಲ್ಲಿ, ಅಂದರೆ ಈಗಿನ ಟಾಂಜಾನಿಯದಲ್ಲಿ, ೩೦ ಲಕ್ಷ ಎಕರೆಗಳಿಗೆ ಮೀರಿ ಶೇಂಗಾ ಬೆಳೆಯುವ ಮಹಾ ಯೋಜನೆಯೊಂದನ್ನು ಕೈಕೊಂಡರು. ಯುದ್ಧದಲ್ಲಿ ಉಳಿದ ಟ್ರ್ಯಾಕ್ಟರುಗಳನ್ನೂ, ಟ್ಯಾಂಕುಗಳಿಂದ ಮಾರ್ಪಡಿಸಿದ ಯಂತ್ರಗಳನ್ನೂ ಹಡಗಿನಲ್ಲಿ ತರಿಸಿದರು. ಕೊಂಗ್ವಾ ಎಂಬ ಸ್ಥಳದ ಮಣ್ಣಿನಲ್ಲಿ ಜೇಡಿಯ ಅಂಶವು ಹೆಚ್ಚಾಗಿದ್ದು, ಮಳೆ ನಿಂತೊಡನೆ ಅದು ಇಟ್ಟಿಗೆಯಂತೆ ಗಟ್ಟಿಯಾಯಿತು, ಕಾಯಿಗಳು ಒಳಗೆ ಸಿಕ್ಕಿಕೊಂಡವು, ಯಂತ್ರಗಳು ಮುರಿದವು. ೧೯೫೧ರಲ್ಲಿ ಯೋಜನೆಯನ್ನು ಕೈಬಿಡುವಷ್ಟರಲ್ಲಿ ಸುಮಾರು ೩ ಕೋಟಿ ೬೦ ಲಕ್ಷ ಪೌಂಡುಗಳು ನಷ್ಟವಾಗಿದ್ದವು. ಅಲ್ಲಿ ಹಣಕ್ಕಾಗಲಿ ಎಂಜಿನಿಯರುಗಳಿಗಾಗಲಿ ಕೊರತೆಯಿರಲಿಲ್ಲ. ಒಂದು ಸಣ್ಣ ತಾಕಿನಲ್ಲಿ ಎರಡು ವರ್ಷ ಬೆಳೆದು ಕಿತ್ತು ನೋಡುವ ತಾಳ್ಮೆಯಿರಲಿಲ್ಲ. ಬಳ್ಳಾರಿಯ ಮಸಾರಿಯಲ್ಲಿ ಚೆನ್ನಾಗಿ ನಡೆದ ಯಂತ್ರವನ್ನು ಸಿರುಗುಪ್ಪದ ಎರೆಗೆ ಹಾಗೆಯೇ ಒಯ್ಯುವವರು ಈ ನಿದರ್ಶನವನ್ನು ಜ್ಞಾಪಕದಲ್ಲಿಡತಕ್ಕದ್ದು.

ಒಣಗಿಸುವ ಕೆಲಸ

ಯಂತ್ರದಿಂದ ಒಂದು ಹೊಸ ಅಪಾಯವೂ ಬರುವುದುಂಟು. ನೆಲದಿಂದ ತೆಗೆದ ಹಸಿ ಕಾಯಿಯಲ್ಲಿ ನೂರಕ್ಕೆ ೪೦ ಭಾಗದಷ್ಟು ನೀರಿರುವುದು. ಹಿಂದೆ ಕಿತ್ತ ಗಿಡಗಳನ್ನು ಕಾಯಿ ಮೇಲಾಗಿ ಹೊಲದಲ್ಲಿಯೇ ಹರಡಿ, ಆರಿದ ಮೇಲೆ ನಿಧಾನವಾಗಿ ಬಿಡಿಸುತ್ತಿದ್ದುದರಿಂದ ಕಾಯಿಯು ತಾನಾಗಿ ಒಣಗುತ್ತಿತ್ತು. ಯಂತ್ರವಾದರೋ ಹಲವು ದಿನಗಳ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿ ಹಸಿ ಕಾಯಿಯ ರಾಶಿಯನ್ನು ಮುಂದಿಡುವುದು. ಅದನ್ನು ಚೀಲಕ್ಕೆ ತುಂಬಿ ಬಳ್ಳಾರಿಯ ಮಾರುಕಟ್ಟೆಗೆ ಸಾಗಿಸಿದರೆ ಒಳಗೊಳಗೇ ಕಾವೇರಿ ಬೂಷ್ಟು ಹಿಡಿಯುವುದು.

ಈ ಬೂಷ್ಟು ಬರಿಯ ನೋಟಕ್ಕೆ ಕೆಡುಕಾದುದಲ್ಲ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತುವು. ವಿಚಾರಣೆ ಮಾಡಲಾಗಿ, ಅವುಗಳಿಗೆ ಹಾಕಿದ್ದ ಶೇಂಗಾ ಹಿಂಡಿಯಲ್ಲಿ ಬೂಷ್ಟಿನಿಂದ ಹುಟ್ಟಿದ ವಿಷವಿದ್ದುದು ಗೊತ್ತಾಯಿತು. ಅದಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂದಿತು. ಇದು ಮನುಷ್ಯರ ಪಿತ್ತಜನಕಾಂಗಕ್ಕೂ ಹಾನಿಕರ; ಕೆಟ್ಟ ಹಿಂಡಿಯನ್ನು ತಿಂದ ಹಸುವಿನ ಹಾಲಿನಲ್ಲಿಯೂ ಕಾಣಿಸಿಕೊಳ್ಳುವುದು; ಶುದ್ಧೀಕರಿಸದೆ ಬಳಸುವ ಗಾಣದ ಎಣ್ಣೆಗೂ ಸೇರುವುದು. ನೇರವಾಗಿ ತಿನ್ನತಕ್ಕ ಶೇಂಗಾದಲ್ಲಿ ಕಿಲೋ ಒಂದಕ್ಕೆ ೪ ಮೈಕ್ರೋಗ್ರಾಮಿಗಿಂತ ಹೆಚ್ಚಾಗಿ ಈ ವಿಷವಿರಕೂಡದೆಂದು ಐರೋಪ್ಯ ಒಕ್ಕೂಟದವರು ನಿಯಮ ಮಾಡಿರುವುದರಿಂದ, ಒಣಗಿಸುವುದರಲ್ಲಿ ತಪ್ಪಿದ ಮಾಲಿಗೆ ಪರದೇಶದ ಬಾಗಿಲು ಮುಚ್ಚಿದಂತೆಯೇ ಸರಿ.

ಆದುದರಿಂದ ಬಿಡಿಸುವ ಯಂತ್ರವನ್ನು ತರತಕ್ಕ ಗ್ರಾಮವು ಅದರೊಡನೆಯೇ ಒಣಗಿಸುವ ಕಟ್ಟೆಯನ್ನೂ, ಮಳೆ ಬಂದರೆ ಮುಚ್ಚಲು ತಾಡಪತ್ರಿಗಳನ್ನೂ ಸಿದ್ಧಮಾಡಿಕೊಳ್ಳಬೇಕು. ಕಾಯಿಯ ತೇವವು ನೂರಕ್ಕೆ ೮ ಭಾಗಕ್ಕೆ ಇಳಿಯುವವರೆಗೆ ತೆಳುವಾಗಿ ಹರಡಿ ತಿರುವಬೇಕು. ಅಳತೆಯ ಸಾಧನವಿಲ್ಲದವರು ಕಾಯನ್ನು ಕಿವಿಯ ಬಳಿ ಅಲುಗಾಡಿಸಿ ಬೀಜದ ಸದ್ದನ್ನು ಕೇಳಬಹುದು. ಬೀಜವನ್ನು ಬೆರಳುಗಳ ನಡುವೆ ತಿಕ್ಕಿದಾಗ ಕೆಂಪು ಪೊರೆಯು ಸುಲಭವಾಗಿ ಬಿಟ್ಟರೆ ಒಣಗಿತೆಂದು ತಿಳಿಯಬಹುದು. ಬಿತ್ತನೆಗೆ ಇಡತಕ್ಕ ಬೇಸಗೆಯ ಕಾಯನ್ನು ಮಾತ್ರ ಏಪ್ರಿಲ್ ಮೇ ತಿಂಗಳ ಉರಿಬಿಸಿಲಿನಲ್ಲಿ ಒಣಗಿಸದೆ ನೆರಳಿನಲ್ಲಿ ಒಣಗಿಸಬೇಕು. ಇಲ್ಲವಾದರೆ ಮೊಳೆಯುವ ಶಕ್ತಿಯು ಬೇಗ ಕುಂದುವುದು.

ಒಡೆಯುವ ಕೆಲಸ

ಕಾಯಿ ಒಡೆಯುವ ಯಂತ್ರವು ಬಳ್ಳಾರಿಗೆ ಹೊಸದಲ್ಲ. ಮದರಾಸು ಆಧಿಪತ್ಯದ ಕಾಲದಲ್ಲಿಯೇ ಪಟ್ಟಣದಲ್ಲಿ ಶೇಂಗಾ ಒಡೆಯುವ ಕಾರ್ಖಾನೆಗಳು ಹತ್ತಿಯ ಜಿನ್ನುಗಳ ಪಕ್ಕದಲ್ಲಿ ನಡೆಯುತ್ತಿದ್ದವು. ಅದಕ್ಕೂ ಮೊದಲು ಕೈಯಿಂದ ಒಡೆಯುವಾಗ ಸಿಪ್ಪೆ ಮೆತ್ತಗಾಗಲೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯಿತ್ತು. ಹಾಗೆ ಒಡೆದ ಬೀಜವು ಮಾರ್ಸೇಲ್ಸ್ ಮೊದಲಾದ ರೇವುಗಳನ್ನು ಸೇರುವಷ್ಟರಲ್ಲಿ ಮುಗ್ಗಿ ಹೋಗಿ, ಈ ದೇಶದ ಮಾಲಿಗೆ ಕೆಟ್ಟ ಹೆಸರು ಬರುತ್ತಿತ್ತು. ಒಣ ಕಾಯನ್ನೇ ಒಡೆಯುವ ಯಂತ್ರವು ಆ ದೋಷವನ್ನು ನಿವಾರಿಸಿತು.

ಈಗ ಕೇಳಬೇಕಾದ ಮಾತೆಂದರೆ, ಈ ಕೆಲಸವೆಲ್ಲ ಪಟ್ಟಣದಲ್ಲಿಯೇ ಏಕೆ ನಡೆಯಬೇಕೆಂಬುದು. ನೂರು ಕಿಲೋ ಒಳ್ಳೆಯ ಕಾಯನ್ನು ಒಡೆದರೆ ಸುಮಾರು ೭೦ ಕಿಲೋ ಬೀಜವೂ ೩೦ ಕಿಲೋ ಸಿಪ್ಪೆಯೂ ಆಗುವುವು. ಕಾಯಿಯನ್ನೇ ಮಾರುವವನು ಆ ೩೦ ಕಿಲೋ ಸಿಪ್ಪೆಗೂ ಬಾಡಿಗೆ ತೆತ್ತು ಬಳ್ಳಾರಿಗೆ ಹೊರಿಸುವನು. ಬೀಜದಲ್ಲಿ ನೂರಕ್ಕೆ ೪೫ರಿಂದ ೫೦ ಭಾಗ ಎಣ್ಣೆಯಿರುವುದು. ಎಣ್ಣೆ ಹೋದ ಹಿಂಡಿಯಲ್ಲಿ ಸಾರಜನಕವು ನೂರಕ್ಕೆ ೭ ಭಾಗದಷ್ಟಿದ್ದು, ಅದು ದನಕ್ಕೆ ಪುಷ್ಟಿಯೂ ಭೂಮಿಗೆ ಗೊಬ್ಬರವೂ ಆಗುವುದು. ಇವೆಲ್ಲವೂ ಚೀಲದೊಡನೆ ಊರು ಬಿಟ್ಟು ಹೋಗಿ, ಹಿಂಡಿಯನ್ನು ಮಾತ್ರ ರೈತನು ಮರಳಿ ಹಣ ಕೊಟ್ಟು ಕೊಳ್ಳುವನು. ದೊಡ್ಡ ಎಣ್ಣೆಯ ಗಿರಣಿಯು ಪ್ರತಿ ಗ್ರಾಮಕ್ಕೂ ಸಾಧ್ಯವಿಲ್ಲವೆಂಬುದು ನಿಜ. ಆದರೆ ಒಡೆಯುವುದು, ಕೇರಿ ಜಾತಿವಾರು ವಿಂಗಡಿಸುವುದು ಇಷ್ಟನ್ನಾದರೂ ಹೋಬಳಿಯ ಮಟ್ಟದಲ್ಲಿ ನಡೆಸಬಹುದು. ಸಣ್ಣ ರೈತನಿಗಾದರೆ ಕೈಯಿಂದ ಆಡಿಸುವ, ಗಂಟೆಗೆ ೪೦ರಿಂದ ೫೦ ಕಿಲೋ ಕಾಯಿ ಒಡೆಯುವ ಯಂತ್ರವೂ ಉಂಟು.

ಬಿತ್ತನೆಯ ಬೀಜವನ್ನು ಮಾತ್ರ ಯಂತ್ರಕ್ಕೆ ಹಾಕತಕ್ಕದ್ದಲ್ಲ. ಎಕರೆಗೆ ೪೦ರಿಂದ ೫೦ ಕಿಲೋ ಬೀಜ ಬೇಕಾಗುವುದರಿಂದ ಶೇಂಗಾದಲ್ಲಿ ಬೀಜದ ಖರ್ಚೇ ದೊಡ್ಡದು. ಸೀಳಿದ ಬೀಜವಾಗಲಿ, ಪೊರೆ ಸುಲಿದ ಬೀಜವಾಗಲಿ ಸರಿಯಾಗಿ ಮೊಳೆಯದು. ಬೀಜಕ್ಕಿಟ್ಟುದನ್ನು ಕಾಯಿಯಾಗಿಯೇ ಕಾದಿಟ್ಟು, ಬಿತ್ತನೆಗೆ ಒಂದೆರಡು ವಾರ ಮುಂಚೆ ಕೈಯಿಂದ ಒಡೆಯಿಸುವ ಹಳೆಯ ಪದ್ಧತಿಯೇ ಮೇಲಾದುದು.

ಕೂಲಿಯವರ ಪ್ರಶ್ನೆ

ಶೇಂಗಾ ಬೇಸಾಯದ ಕೈಕೆಲಸವೆಲ್ಲ ಬಹುಮಟ್ಟಿಗೆ ಹೆಂಗಸರದು. ಕಳೆ ತೆಗೆಯುವವರು, ಕಾಯಿ ಬಿಡಿಸುವವರು, ಬೀಜ ಒಡೆಯುವವರು ಅವರೇ. ಭೂಮಿಯಿಲ್ಲದ ಮನೆಗಳಲ್ಲಿ ಆ ವಾರಗಳ ಕೂಲಿಯು ಸಾಲ ತೀರಿಸುವುದಕ್ಕೂ ಮಕ್ಕಳ ಬಟ್ಟೆಗೂ ಆಗುವುದು. ಕೊಯ್ಲಾದ ಹೊಲದಲ್ಲಿ ಹಕ್ಕಲಾಯ್ದು ತಂದ ಕಾಯಿಯು ಬಡವರ ಮನೆಯಲ್ಲಿ ಶೇಂಗಾ ಚಟ್ನಿಪುಡಿಯಾಗುವುದು. ಯಂತ್ರವು ಬಂದೊಡನೆ ಇವರಿಗೆ ನಷ್ಟವಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. ಭತ್ತದ ಯಂತ್ರವು ಬಂದಾಗ ಕೊಯ್ಲಿನ ಕೂಲಿಯು ತಪ್ಪಿದುದನ್ನು ಸಿರುಗುಪ್ಪದವರು ಕಣ್ಣಾರೆ ಕಂಡಿದ್ದಾರೆ.

ಆದರೆ ಇನ್ನೊಂದು ಪಕ್ಷವನ್ನೂ ತೂಗಿ ನೋಡಬೇಕು. ಆಳು ಸಿಕ್ಕದೆಂದು ರೈತನು ಶೇಂಗಾವನ್ನೇ ಬಿಟ್ಟು ಮೆಕ್ಕೆಜೋಳವಿಟ್ಟರೆ ಬಿಡಿಸುವ ಕೂಲಿಯೊಂದೇ ಅಲ್ಲ, ಬೀಜ ಒಡೆಯುವ ಕೂಲಿ, ಹಕ್ಕಲು ಎಲ್ಲವೂ ಹೋಗುವುವು. ಬೆಳೆಯು ಉಳಿದರೆ ಬೀಜ ಒಡೆಯುವುದು, ಕಾಯಿ ಒಣಗಿಸುವುದು, ಬೀಜವನ್ನು ಆರಿಸಿ ವಿಂಗಡಿಸುವುದು ಈ ಕೆಲಸಗಳು ಕೈಗೆ ಉಳಿಯುವುವು. ಬಗ್ಗಿ ಕೀಳುವ, ಬಿಸಿಲಿನಲ್ಲಿ ಕುಳಿತು ಬಿಡಿಸುವ ಕೆಲಸಕ್ಕಿಂತ ಇವು ಹಗುರವಾದವುಗಳೂ ಹೌದು. ವಿಷದ ಬೂಷ್ಟು ಹಿಡಿದ ಬೀಜವನ್ನು ಆರಿಸಿ ತೆಗೆಯುವುದರಲ್ಲಿ ನುರಿತ ಕಣ್ಣಿಗೆ ಬೆಲೆಯುಂಟು. ಹೋಬಳಿಯ ಒಡೆಯುವ ಕೇಂದ್ರಗಳನ್ನು ಹೆಂಗಸರ ಸ್ವಸಹಾಯ ಸಂಘಗಳ ವಶಕ್ಕೆ ಕೊಟ್ಟರೆ, ಕೂಲಿಯಾಗಿ ಕಳೆದುಕೊಂಡುದರಲ್ಲಿ ಒಂದು ಭಾಗವಾದರೂ ಆದಾಯವಾಗಿ ಅವರ ಮನೆಗೆ ಹಿಂದಿರುಗುವುದು. ಈ ಏರ್ಪಾಡಿಲ್ಲದೆ ಬರಿಯ ಯಂತ್ರವನ್ನು ತರುವುದು ಅರ್ಧ ಕೆಲಸವೆನಿಸುವುದು.

ಯಂತ್ರವು ಯಾರದಾಗಿರಬೇಕು

ಮೂರು ನಾಲ್ಕು ಎಕರೆಯ ಒಕ್ಕಲಿಗನು ವರ್ಷದಲ್ಲಿ ಕೆಲವೇ ದಿನ ಉಪಯೋಗಕ್ಕೆ ಬರತಕ್ಕ ಯಂತ್ರವನ್ನು ಸಾಲ ಮಾಡಿ ಕೊಳ್ಳುವುದು ಯುಕ್ತವಲ್ಲ. ಸಹಾಯಧನ ದೊರೆತರೂ ಉಳಿದ ಹಣದ ಬಡ್ಡಿಯು ಓಡುತ್ತಲೇ ಇರುವುದು. ಯಂತ್ರವು ಹನ್ನೊಂದು ತಿಂಗಳು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುವುದು. ಸರ್ಕಾರದವರು ೨೦೧೪–೧೫ರಿಂದ ಕೃಷಿ ಯಂತ್ರಧಾರೆ ಎಂಬ ಹೆಸರಿನಿಂದ ಹೋಬಳಿಗಳಲ್ಲಿ ಬಾಡಿಗೆ ಯಂತ್ರಗಳ ಕೇಂದ್ರಗಳನ್ನು ತೆರೆದಿರುವುದು ಈ ದೃಷ್ಟಿಯಿಂದ ಸರಿಯಾದ ಮಾರ್ಗವಾಗಿದೆ. ಶೇಂಗಾ ಬೆಳೆಯುವ ಹೋಬಳಿಗಳ ಕೇಂದ್ರಗಳಲ್ಲಿ ಉಳುವ ಸಾಮಾನುಗಳಿಗಿಂತ ಮೊದಲು ಕೀಳುವ, ಬಿಡಿಸುವ ಯಂತ್ರಗಳಿಗೂ ತಾಡಪತ್ರಿಗಳಿಗೂ ಸ್ಥಳ ಸಿಕ್ಕಬೇಕು. ಉಳುವ ಟ್ರ್ಯಾಕ್ಟರನ್ನು ಖಾಸಗಿಯವರಿಂದಲೂ ಬಾಡಿಗೆಗೆ ಪಡೆಯಬಹುದು. ಕೊಯ್ಲಿನ ಯಂತ್ರವು ಅಷ್ಟು ಸುಲಭವಾಗಿ ದೊರೆಯದು.

ಯಂತ್ರವು ಒಂದು, ಕೇಳುವವರು ಹಲವರಾದಾಗ ಸರದಿಯ ಜಗಳವು ಹುಟ್ಟುವುದು ಸಹಜ. ಇದಕ್ಕೆ ಪರಿಹಾರವು ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇದೆ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದ ಕಾಲದಲ್ಲಿ, ಯಾರ ಹೊಲ ಮೊದಲು ಎಂಬುದನ್ನು ಬಿತ್ತನೆಯ ವೇಳೆಯಲ್ಲಿಯೇ ಗೊತ್ತುಮಾಡಿಕೊಳ್ಳುತ್ತಿದ್ದರು. ಒಂದು ಯಂತ್ರವನ್ನು ನೆಚ್ಚಿದ ರೈತರು ಒಂದೇ ಜಾತಿಯ ಬೀಜವನ್ನು ಎರಡು ಮೂರು ದಿನಗಳ ಅಂತರದಿಂದ ಸರದಿಯಾಗಿ ಬಿತ್ತಿದರೆ, ಬೆಳೆಯೂ ಸರದಿಯಾಗಿ ಬಲಿತು ಯಂತ್ರಕ್ಕೆ ದಾರಿ ಮಾಡಿಕೊಡುವುದು.

ಈ ಎಲ್ಲವನ್ನೂ ಒಮ್ಮೆಲೇ ಕೈಕೊಳ್ಳಬೇಕಾಗಿಲ್ಲ. ಮಸಾರಿ ನೆಲದ ಒಂದು ಗ್ರಾಮವನ್ನು ಬಳ್ಳಾರಿ ತಾಲ್ಲೂಕಿನಲ್ಲಿಯೂ, ಮಿಶ್ರ ನೆಲದ ಒಂದನ್ನು ಕುರುಗೋಡಿನಲ್ಲಿಯೂ, ಕಾಲುವೆಯ ಕೊನೆಯ ಒಂದನ್ನು ಸಿರುಗುಪ್ಪದಲ್ಲಿಯೂ ಆರಿಸಿಕೊಂಡು, ಎರಡು ವರ್ಷಗಳ ಕಾಲ ಯಂತ್ರದಿಂದ ಕಿತ್ತು ಬಿಡಿಸಿ ನೋಡತಕ್ಕದ್ದು. ನೆಲದಲ್ಲಿ ಉಳಿದ ಕಾಯಿ ಎಷ್ಟು, ಸೀಳಿದ ಬೀಜ ಎಷ್ಟು, ಬಾಡಿಗೆ ಎಷ್ಟು, ತಪ್ಪಿದ ಕೂಲಿ ಎಷ್ಟು ಎಂಬುದನ್ನೆಲ್ಲ ಬರೆದಿಟ್ಟು ಊರವರ ಮುಂದೆ ಓದತಕ್ಕದ್ದು. ಲೆಕ್ಕವು ರೈತನ ಪಕ್ಷಕ್ಕೆ ಬಂದರೆ ಆತನಿಗೆ ಉಪದೇಶದ ಆವಶ್ಯಕತೆಯಿರದು. ಬಾರದಿದ್ದರೆ ಯಾವ ಕೆಲಸದಲ್ಲಿ ಕೊರತೆಯಾಯಿತೆಂಬುದನ್ನು ತಿಳಿದು ಯಂತ್ರವನ್ನು ತಿದ್ದಿಕೊಳ್ಳುವುದಕ್ಕಾದರೂ ಅನುಕೂಲವಾಗುವುದು. ಮುಂಬರುವ ಮುಂಗಾರಿಗೆ ಮುಂಚೆಯೇ ಈ ಗ್ರಾಮಗಳನ್ನು ಗೊತ್ತುಮಾಡುವುದರಲ್ಲಿ ರೈತ ಸಂಪರ್ಕ ಕೇಂದ್ರದವರೂ, ಸಹಕಾರ ಸಂಘದವರೂ, ಊರಿನ ಹಿರಿಯರೂ ಒಟ್ಟಾಗಿ ಪ್ರಯತ್ನಿಸುವುದು ಅತ್ಯವಶ್ಯಕ.